ಫೈಲ್ ಎಲ್ಲಿದೆ?

ಮಲಾಡಿನ ಮೈಂಡ್‌ಸ್ಪೇಸ್‌ನಲ್ಲಿ 13 ವರ್ಷದಿಂದ ಇಂಗ್ಲಿಷಿನಲ್ಲಿ ಮೇಲ್ ಬರೆದೇ ಅನ್ನ ಉಂಡವನು ನಾನು. ಮೊನ್ನೆ ಮನೆಯಲ್ಲಿ ಕೂತು ಕ್ಲೈಂಟಿಗೆ ‘ಕ್ಯಾನ್ ಯು ಟೆಲ್ ಮಿ ವೇರ್ ಈಸ್ ದ ಫೈಲ್’ ಎಂದು ಬರೆಯುತ್ತಿದ್ದೆ. ಆರನೇ ಕ್ಲಾಸಿನ ಮಗಳು ಇಣುಕಿ, “ಅಪ್ಪಾ, ವೇರ್ ದ ಫೈಲ್ ಈಸ್” ಅಂದಳು. ಯಾಕೆ ಅಂದೆ. “ಇದು ಇನ್‌ಡೈರೆಕ್ಟ್ ಕ್ವೆಶ್ಚನ್, ಇಲ್ಲಿ ಇನ್‌ವರ್ಶನ್ ಬರಲ್ಲ.” ಎರಡೂ ಶಬ್ದ ನನಗೆ ಹೊಸವು. ಹಾವೇರಿ ಕಡೆಯ ಕನ್ನಡ ಶಾಲೆಯಲ್ಲಿ ಕಲಿತದ್ದು ಕರ್ತೃ, ಕರ್ಮ, ಕ್ರಿಯಾಪದ. ಆ ಕರ್ತೃವೇ ಈ ಸಬ್ಜೆಕ್ಟ್ ಎಂದು ಯಾರೂ ಜೋಡಿಸಿ ಹೇಳಿರಲಿಲ್ಲ.

ಕನ್ನಡದಲ್ಲಿ ‘ಅವನು ಬಂದ’ ಎಂಬುದರ ಬಾಲಕ್ಕೊಂದು ‘ಆ’ ಹಚ್ಚಿದರೆ ಪ್ರಶ್ನೆ: ‘ಅವನು ಬಂದನಾ?’ ಪದಗಳು ಕೂತಲ್ಲೇ ಇರುತ್ತವೆ. ಇಂಗ್ಲಿಷಿನಲ್ಲಿ ‘ಹಿ ಈಸ್’ ತಿರುಗಿ ‘ಈಸ್ ಹಿ’ ಆಗಬೇಕು. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆ ಸೇರಿದರೆ ಮತ್ತೆ ಮೊದಲಿನ ಸಾಲಿಗೇ ವಾಪಸ್. ನಮ್ಮ ‘ಫೈಲ್ ಎಲ್ಲಿದೆ’ ಎಲ್ಲಿಗೆ ಹೋದರೂ ‘ಫೈಲ್ ಎಲ್ಲಿದೆ’ಯೇ. ಮರಾಠಿ, ಹಿಂದಿಯಲ್ಲೂ ಹಾಗೇ. ಅದಕ್ಕೇ ಟೀಮಿನಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. (ಹೋದ ವರ್ಷದ ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಎಂದಿತ್ತು. ಏನು ಎಂದು ಬರೆದಿರಲಿಲ್ಲ.)

ಈಗ ಊಟವಾದ ಮೇಲೆ ಅವಳು ‘ಆಕ್ಸಿಲರಿ’ ಅಂದರೆ ನಾನು ‘ಸಹಾಯಕ ಕ್ರಿಯಾಪದ’ ಅನ್ನುತ್ತೇನೆ. ಒಂದೇ ನೋಟ್‌ಬುಕ್, ಎರಡು ಕಾಲಂ. ಕನ್ನಡದ ಕಾಲಂ ಬರೆಯುವವಳು ಅವಳೇ. ‘ಕರ್ತೃ’ಗೆ ನಾಲ್ಕು ಸಲ ರಬ್ಬರ್ ಬೇಕಾಯಿತು.