ಕಾವಲುಗಾರ ತಡೀತಾನೋ, ಬರೇ ಬರಕೋತಾನೋ?

"ನಮ್ಮ ಸರ್ವರ್‌ನಾಗ ಎಸ್‌ಇಲಿನಕ್ಸ್ ಐತಿ" ಅನ್ನೋರು ಭಾಳ ಮಂದಿ. "ಈಗ ಅದು ಕೆಲಸ ಮಾಡಾಕತ್ತೈತೇನು?" ಅಂದರೆ ಉತ್ತರ ತಡವಾಗುತ್ತೆ. ಕೆರೂರಿನ ಮನೆಯಲ್ಲಿ ಕುಂತು ದೂರದ ಸರ್ವರ್ ನೋಡಿಕೊಳ್ಳುವ ನಾನು, ಲಾಗಿನ್ ಆದ ಕೂಡಲೇ ಕೇಳೋದು ಇದೇ ಪ್ರಶ್ನೆ.

ಸಾಮಾನ್ಯ ಲಿನಕ್ಸ್‌ನಲ್ಲಿ ಫೈಲ್ ಯಾರದೋ, ಅದನ್ನು ಯಾರು ಓದಬೇಕೆಂದು ಅವರೇ ಹೇಳ್ತಾರೆ. ಎಸ್‌ಇಲಿನಕ್ಸ್ ಇದ್ದರೆ ಅಷ್ಟು ಸಾಲದು. ಬ್ಯಾಂಕ್ ಲಾಕರ್ ನೆನಪಿಸಿಕೊಳ್ರಿ: ನಿಮ್ಮ ಕೀಲಿಯೂ ಬೇಕು, ಬ್ಯಾಂಕಿನ ಕೀಲಿಯೂ ಬೇಕು. ಇಲ್ಲಿ ಆ ಎರಡನೇ ಕೀಲಿ ಸಿಸ್ಟಮ್‌ನ ನಿಯಮದ್ದು. ಅಮೆರಿಕದ ಎನ್‌ಎಸ್‌ಎ 2000ರಲ್ಲಿ ಇದನ್ನು ಎಲ್ಲರಿಗೂ ಬಿಡುಗಡೆ ಮಾಡಿತು. 2003ರಲ್ಲಿ ಬಂದ ಲಿನಕ್ಸ್ 2.6 ಕರ್ನಲ್‌ನಲ್ಲೇ ಇದು ಸೇರಿಕೊಂಡಿತು.

ಸ್ಥಿತಿ ನೋಡೋದು ಸುಲಭ. 'ಗೆಟ್‌ಎನ್‌ಫೋರ್ಸ್' ಕಮಾಂಡ್ ಕೊಟ್ಟರೆ ಮೂರರಲ್ಲಿ ಒಂದು ಉತ್ತರ ಬರುತ್ತೆ. ಎನ್‌ಫೋರ್ಸಿಂಗ್ ಅಂದರೆ ತಡೀತದ. ಡಿಸೇಬಲ್ಡ್ ಅಂದರೆ ಇಲ್ಲವೇ ಇಲ್ಲ. ಮೋಸ ಹೋಗೋದು ನಡುವಿನ ಪರ್ಮಿಸಿವ್‌ನಲ್ಲಿ. ಗೇಟಿನಲ್ಲಿ ಕಾವಲುಗಾರ ಇದ್ದಾನೆ, ರಿಜಿಸ್ಟರ್ ಐತಿ, ಬಂದವರ ಹೆಸರನ್ನೂ ಬರಕೋತಾನ. ಆದರೆ ಯಾರನ್ನೂ ತಡೆಯೋದಿಲ್ಲ.

'ಎಸ್‌ಇಸ್ಟೇಟಸ್' ಕಮಾಂಡ್ ಇನ್ನಷ್ಟು ಹೇಳುತ್ತೆ. ಅದರಲ್ಲಿ ಎರಡು ಸಾಲು ಹೋಲಿಸಿ ನೋಡ್ರಿ: ಈಗಿನ ಮೋಡ್, ಮತ್ತು ಕಾನ್ಫಿಗ್ ಫೈಲ್‌ನ ಮೋಡ್. ಮೊದಲನೇದು ಪರ್ಮಿಸಿವ್, ಎರಡನೇದು ಎನ್‌ಫೋರ್ಸಿಂಗ್ ಇದ್ದರೆ, ಯಾರೋ 'ಸೆಟ್‌ಎನ್‌ಫೋರ್ಸ್ 0' ಕೊಟ್ಟು ಮರೆತಿರಬಹುದು. ಮುಂದಿನ ರೀಬೂಟ್ ಆದಾಗ ನಿಯಮ ಮತ್ತೆ ಜಾರಿಗೆ ಬರುತ್ತೆ, ಅಲ್ಲಿತನಕ ನಡೆಯುತ್ತಿದ್ದ ಆ್ಯಪ್ ನಿಲ್ಲಬಹುದು. ತಿರುವುಮುರುವು ಇದ್ದರೆ ಇನ್ನೂ ಅಪಾಯ: ಇವತ್ತು ರಕ್ಷಣೆ ಐತಿ, ರೀಬೂಟ್ ಆದ ಮೇಲೆ ಇಲ್ಲ.

ಇದನ್ನು ಆಫ್ ಮಾಡೋ ಸಂದರ್ಭವೂ ಸಾಮಾನ್ಯವಾದದ್ದೇ. ಹೋಮ್ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ ಫೈಲ್ ಮೂವ್ ಮಾಡ್ತಾರೆ. ಹಳೇ ಲೇಬಲ್ ಫೈಲ್ ಜೊತೆಗೇ ಬರುತ್ತೆ, ಬ್ರೌಸರ್‌ನಲ್ಲಿ 403 ಕಾಣುತ್ತೆ. 777 ಪರ್ಮಿಷನ್ ಕೊಟ್ಟರೂ ಹೋಗಂಗಿಲ್ಲ. ಆಗ ಸಿಟ್ಟಿನಲ್ಲಿ ಎಸ್‌ಇಲಿನಕ್ಸ್‌ನೇ ಆಫ್! ಅದರ ಬದಲು ಆಡಿಟ್ ಲಾಗ್ ನೋಡಿ, 'ರಿಸ್ಟೋರ್‌ಕಾನ್' ಕೊಟ್ಟರೆ ಲೇಬಲ್ ಸರಿಹೋಗುತ್ತೆ. ಉಬುಂಟು ಬಳಸೋರಿಗೆ ಎಸ್‌ಇಲಿನಕ್ಸ್ ಬದಲು ಆ್ಯಪ್‌ಆರ್ಮರ್ ಇರುತ್ತೆ. ಅಲ್ಲಿ 'ಎಎ-ಸ್ಟೇಟಸ್' ಕೇಳ್ರಿ.

ಸರ್ವರ್ ಸಹವಾಸವೇ ಇಲ್ಲ ಅನ್ನೋರ ಕೈಯಲ್ಲೂ ಇದು ಐತಿ. ಆ್ಯಂಡ್ರಾಯ್ಡ್‌ಗೆ ಎಸ್‌ಇಲಿನಕ್ಸ್ ಬಂದದ್ದು 2013ರ 4.3ರಲ್ಲಿ, ಅದೂ ಪರ್ಮಿಸಿವ್ ಆಗಿ. 2014ರ 5.0ರಿಂದ ಪೂರ್ತಿ ಎನ್‌ಫೋರ್ಸಿಂಗ್. ಸ್ಯಾಮ್‌ಸಂಗ್ ಫೋನಿನಲ್ಲಾದರೆ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಸಾಫ್ಟ್‌ವೇರ್ ಮಾಹಿತಿಯಲ್ಲಿ ಇದರ ಸ್ಥಿತಿ ಸಿಗುತ್ತೆ. ರೂಟ್ ಮಾಡಿದ ಅಥವಾ ಬೇರೆ ರಾಮ್ ಹಾಕಿದ ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡಿದ್ದರೆ, ಯುಪಿಐ ಹಾಕೋ ಮೊದಲು ಇದನ್ನೊಮ್ಮೆ ನೋಡ್ರಿ. ಪರ್ಮಿಸಿವ್ ಅಂತ ಕಂಡರೆ ಆ ಫೋನಿನಾಗ ರೊಕ್ಕದ ವ್ಯವಹಾರ ಬ್ಯಾಡ.