ಗುರುತು ಮಾಡುವುದೂ ನಕಲು ಮಾಡುವುದೂ

ಗಣಕಯಂತ್ರದ ಪರದೆಯ ಮೇಲೆ ಒಂದು ಸಾಲನ್ನು ಮೌಸಿನಿಂದ ಎಳೆದು ಗುರುತು ಮಾಡುವುದು ಒಂದು ಕ್ರಿಯೆ. ಆ ಸಾಲನ್ನು ನಕಲು ಮಾಡಿಕೊಳ್ಳುವುದು ಇನ್ನೊಂದು ಕ್ರಿಯೆ. ಇವೆರಡನ್ನೂ ಒಂದೇ ಎಂದು ಬಗೆಯುವ ವ್ಯವಸ್ಥೆಯೂ ಉಂಟು, ಬೇರೆ ಬೇರೆ ಎಂದು ಬಗೆಯುವ ವ್ಯವಸ್ಥೆಯೂ ಉಂಟು. ನಮ್ಮ ಶಾಲೆಯ ಗಣಕಕೋಣೆಯಲ್ಲಿ ಇರುವುದು ಲಿನಕ್ಸ್. ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಇರುವುದು ವಿಂಡೋಸ್. ಆದುದರಿಂದ ಈ ಭೇದವು ನಿಮ್ಮ ಬೆರಳಿಗೆ ತಾಕಿಯೇ ಇರುತ್ತದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಇಡಬಯಸುತ್ತೇವೆ.

ಕತ್ತರಿಸುವುದು, ಅಂಟಿಸುವುದು ಎಂಬ ಮಾತುಗಳು ಕಾಗದದ ಕಾಲದವು. ಸಂಪಾದಕರು ಹಸ್ತಪ್ರತಿಯನ್ನು ನಿಜವಾಗಿಯೂ ಕತ್ತರಿಯಿಂದ ಕತ್ತರಿಸಿ, ಗೋಂದು ಹಚ್ಚಿ ಬೇರೆಡೆ ಅಂಟಿಸುತ್ತಿದ್ದರು. ಅದನ್ನು ಪರದೆಯ ಮೇಲೆ ತಂದವರಲ್ಲಿ ಮುಖ್ಯರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅವರು ಜಿಪ್ಸಿ ಎಂಬ ಬರಹದ ತಂತ್ರಾಂಶವನ್ನು ರಚಿಸಿದರು. ಮುಂದೆ ಆಪಲ್ ಸಂಸ್ಥೆಯ ಲೀಸಾ (1983), ಮ್ಯಾಕಿಂಟಾಶ್ (1984) ಯಂತ್ರಗಳ ಮೂಲಕ ಈ ಪದ್ಧತಿಯು ಲೋಕಪ್ರಸಿದ್ಧವಾಯಿತು. ಟೆಸ್ಲರ್ ಅವರು 2020ರಲ್ಲಿ ತೀರಿಕೊಂಡರು.

ಅದೇ 1984ರಲ್ಲಿ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಎಕ್ಸ್ ವಿಂಡೋ ಎಂಬ ವ್ಯವಸ್ಥೆ ಹುಟ್ಟಿತು. ಲಿನಕ್ಸಿನ ಪರದೆಗಳು ಬಹುಕಾಲ ನಿಂತದ್ದು ಇದರ ಮೇಲೆಯೇ. ಇದರಲ್ಲಿ ನಕಲಿಗೆ ಎರಡು ದಾರಿಗಳು. ಕಂಟ್ರೋಲ್ ಕೀಲಿಯೊಡನೆ 'ಸಿ' ಒತ್ತಿದರೆ ಬರಹವು ಕ್ಲಿಪ್‌ಬೋರ್ಡಿಗೆ ಸೇರುತ್ತದೆ. ಇದು ಎಲ್ಲರೂ ಬಲ್ಲ ದಾರಿ. ಇನ್ನೊಂದರಲ್ಲಿ ಯಾವ ಕೀಲಿಯನ್ನೂ ಒತ್ತಬೇಕಾಗಿಲ್ಲ: ಮೌಸಿನಿಂದ ಎಳೆದು ಗುರುತಿಸಿದೊಡನೆಯೇ ನಕಲಾಯಿತು, ನಡುಗುಂಡಿಯನ್ನು ಒತ್ತಿದರೆ ಅಂಟಿತು. ಈಗಿನ ಮೌಸುಗಳಲ್ಲಿ ಆ ನಡುಗುಂಡಿ ಎಂದರೆ ಚಕ್ರವೇ.

ಇದು ಸುಲಭವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವೇಗವಾಗಿ ಕೆಲಸಮಾಡುವ ಪಳಗಿದ ಕೈಗಳಿಗೆ ಇದಕ್ಕಿಂತ ಪ್ರಿಯವಾದ ಸೌಕರ್ಯವಿಲ್ಲ. ಇದನ್ನು ತೆಗೆಯಬೇಕೆಂದರೆ ಅವರು ಜಗಳಕ್ಕೇ ಬರುತ್ತಾರೆ. ಆದರೆ ಪಳಗದ ಕೈಗಳ ಪಾಡೇನು? ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ 'ಬೊಂಬಾಯಿ' ಎಂದಿರುವಲ್ಲಿ 'ಮುಂಬಯಿ' ಎಂದು ತಿದ್ದಬೇಕಾಗಿದೆ ಎನ್ನೋಣ. 'ಮುಂಬಯಿ'ಯನ್ನು ಮೇಲಿನ ಸಾಲಿನಲ್ಲಿ ಗುರುತಿಸುತ್ತಾಳೆ. ಬಳಿಕ ತೆಗೆದುಹಾಕುವುದಕ್ಕೆಂದು 'ಬೊಂಬಾಯಿ'ಯನ್ನು ಗುರುತಿಸುತ್ತಾಳೆ. ಆ ಕ್ಷಣವೇ ಮೊದಲ ನಕಲು ಹೋಗಿ, ಅದರ ಜಾಗದಲ್ಲಿ 'ಬೊಂಬಾಯಿ' ಕುಳಿತುಬಿಡುತ್ತದೆ! ಚಕ್ರವನ್ನು ಒತ್ತಿದರೆ ಬರುವುದು ಯಾವುದನ್ನು ಅಳಿಸಬೇಕೆಂದಿದ್ದಳೋ ಅದೇ. ಇದರಲ್ಲಿ ಅವಳ ದೋಷವೇನೂ ಇಲ್ಲ.

ಇನ್ನೂ ಒಂದು ಅಪಾಯವಿದೆ. ಪುಟವನ್ನು ಸರಿಸಲೆಂದು ಚಕ್ರ ತಿರುಗಿಸುವಾಗ ಬೆರಳು ತುಸು ಬಿಗಿಯಾದರೆ, ಹಿಂದೆ ಎಲ್ಲೋ ಗುರುತಿಸಿದ್ದ ಬರಹ ಇಲ್ಲಿ ಬಂದು ಬೀಳುತ್ತದೆ. ಅದು ಸ್ವಂತ ಪತ್ರದ ಸಾಲಾಗಿರಬಹುದು, ಗುಪ್ತಪದವೂ ಆಗಿರಬಹುದು. ಒಂದು ಯಂತ್ರದ ಮುಂದೆ ಮೂವರು ಕುಳಿತುಕೊಳ್ಳುವ ನಮ್ಮಂಥ ಶಾಲೆಯಲ್ಲಿ ಇದು ಸಣ್ಣ ಮಾತಲ್ಲ.

ಕ್ಲಿಪ್‌ಬೋರ್ಡಿನದೂ ಒಂದು ಕೊರತೆಯುಂಟು. ಎಕ್ಸ್ ವ್ಯವಸ್ಥೆಯು ಮೂಲತಃ ನಕಲನ್ನು ಎಲ್ಲಿಯೂ ಕೂಡಿಡುವುದಿಲ್ಲ. "ಬೇಕಾದಾಗ ಕೇಳಿ, ಕೊಡುತ್ತೇನೆ" ಎಂದು ಮೂಲ ತಂತ್ರಾಂಶವು ಮಾತು ಕೊಟ್ಟಿರುತ್ತದೆ, ಅಷ್ಟೆ. ಆ ತಂತ್ರಾಂಶವನ್ನು ಮುಚ್ಚಿದರೆ, ಮಾತುಕೊಟ್ಟ ನೆರೆಯವನು ಬೀಗ ಹಾಕಿ ಊರಿಗೆ ಹೋದಂತೆಯೇ ಸರಿ. ಇದಕ್ಕಾಗಿಯೇ ನಕಲನ್ನು ಕಾದಿಡುವ ಬೇರೆ ತಂತ್ರಾಂಶಗಳು ಹುಟ್ಟಿಕೊಂಡವು, ಕೆ.ಡಿ.ಇ. ಪರದೆಯಲ್ಲಿರುವ ಕ್ಲಿಪ್ಪರ್ ಅವುಗಳಲ್ಲೊಂದು. ವಿಂಡೋಸ್ 10ರಲ್ಲಿಯೂ 2018ರಿಂದ ಹಳೆಯ ನಕಲುಗಳ ಪಟ್ಟಿ ದೊರೆಯುತ್ತದೆ. ಆದರೆ ಹಲವರು ಬಳಸುವ ಯಂತ್ರದಲ್ಲಿ ಅಂಥ ಪಟ್ಟಿಯನ್ನು ಮುಂದಿನವನು ಓದಬಲ್ಲನಷ್ಟೆ! ಒಬ್ಬನು ಎದ್ದುಹೋದೊಡನೆ ಅದು ಅಳಿಯಲೇಬೇಕು.

ನಮ್ಮ ಅಭಿಪ್ರಾಯ ಇಷ್ಟು. ಬುದ್ಧಿಪೂರ್ವಕವಾಗಿ ನಕಲು ಮಾಡಿದ್ದನ್ನು ಬರಿಯ ಗುರುತು ಅಳಿಸಕೂಡದು. ಎರಡನ್ನೂ ಒಂದುಗೂಡಿಸುವ ಆಯ್ಕೆಯನ್ನು ಶಾಲೆಯ ಯಂತ್ರಗಳಲ್ಲಿ ತೆರೆಯಲೇಬಾರದು. ತಂತ್ರಾಂಶ ಮುಚ್ಚಿದ ಮೇಲೂ, ಅದೇ ವಿದ್ಯಾರ್ಥಿ ಕುಳಿತಿರುವಷ್ಟು ಕಾಲ, ಅವನ ನಕಲು ಉಳಿಯಬೇಕು. ನಡುಗುಂಡಿಯ ಸೌಕರ್ಯವು ಬೇಕೆಂದು ಕೇಳಿದವರಿಗೆ ಇರಲಿ. ಕೇಳದವರ ಬೆರಳಿಗೆ ಅದನ್ನು ಕಟ್ಟುವುದು ನ್ಯಾಯವಲ್ಲ. ವಾರಕ್ಕೆ ಒಂದೇ ತಾಸು ಯಂತ್ರ ಸಿಗುವ ಹುಡುಗನಿಗೆ ಕಳೆದುಹೋದ ಅರ್ಧ ಪುಟವೆಂದರೆ ಮುಂದಿನ ವಾರದವರೆಗಿನ ಕಾಯುವಿಕೆ.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕು. ನಮ್ಮ 'ಕ್ಷ' ಕಣ್ಣಿಗೆ ಒಂದೇ ಅಕ್ಷರವಾದರೂ ಯಂತ್ರದೊಳಗೆ ಮೂರು ಸಂಕೇತಗಳು. ಗುರುತು ಮಾಡುವಾಗ ಅದನ್ನು ನಡುವೆ ಸೀಳುವ ತಂತ್ರಾಂಶವನ್ನು ಕನ್ನಡಕ್ಕೆ ಒಗ್ಗಿದ್ದೆಂದು ನಾವು ಒಪ್ಪಲಾರೆವು. ಇನ್ನು ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದನ್ನು ನಕಲುಮಾಡಿ ಆ ಶೈಲಿಯಿಲ್ಲದ ಕಡೆ ಅಂಟಿಸಿದರೆ, ಕನ್ನಡವಿದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ನೆರೆಯುತ್ತದೆ. ಇಂಥ ಲೇಖನಗಳು ಈ ವಾರ್ಷಿಕಕ್ಕೂ ಬಂದಿವೆ. ಅವುಗಳನ್ನು ಮೊದಲಿನಿಂದ ಮತ್ತೆ ಟಂಕಿಸಬೇಕಾಯಿತು. ಮುಂದಿನ ಸಂಚಿಕೆಗೆ ಬರೆಯುವವರು ಯೂನಿಕೋಡಿನಲ್ಲಿಯೇ ಬರೆದು, ಅಂಟಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ ಕಳುಹಿಸತಕ್ಕದ್ದು.