ಬಡಿಸಿದವರಿಗೆ ಟಿಪ್ಸ್, ತೊಳೆದವರಿಗೆ?

ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲು ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಗಿರಾಕಿಯಾಗಿ ನನಗೆ ಸಮಾಧಾನವೇ. ಆದರೆ ಸಂಘಗಳ ಒಂದು ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು: ಟಿಪ್ಸ್ ಬಡಿಸಿದವನ ಕಿಸೆ ಸೇರುತ್ತದೆ, ಸರ್ವಿಸ್ ಚಾರ್ಜ್ ಆದರೆ ಒಳಗಿನವರಿಗೂ ಹಂಚಿಹೋಗುತ್ತದೆ. (ನಿಜಕ್ಕೂ ಎಷ್ಟು ಹಂಚುತ್ತಿದ್ದರೋ, ಅದು ಬೇರೆ ಮಾತು.)

ನಮ್ಮ ಚೆಂಬೂರಿನ ಸಾಧಾರಣ ಉಡುಪಿ ಹೋಟೆಲಿನಲ್ಲಿ ಈ ಚಾರ್ಜಿನ ಗೊಡವೆ ಕಡಿಮೆ. ಸೋಂಪಿನ ಜೊತೆ ಬಿಲ್ಲು ಬರುತ್ತದೆ, ಚಿಲ್ಲರೆ ಅಲ್ಲೇ ಉಳಿಯುತ್ತದೆ, ಸಪ್ಲಾಯರ್ ಎತ್ತಿಕೊಳ್ಳುತ್ತಾನೆ.

‘ಯಾರು ಎಷ್ಟು ಮೌಲ್ಯ ಸೃಷ್ಟಿಸುತ್ತಾರೋ ಅವರಿಗೆ ಅಷ್ಟು ಪ್ರತಿಫಲ’ ಎಂಬುದು ನಮ್ಮ ಆಫೀಸುಗಳಲ್ಲಿ ಅಪ್ರೈಸಲ್ ಕಾಲದ ಮಂತ್ರ. ಅದನ್ನು ಒಂದು ಮಸಾಲೆ ದೋಸೆಗೆ ಅನ್ವಯಿಸಿ ನೋಡಿ. ಹಿಟ್ಟು ರುಬ್ಬಿದವನದ್ದೆಷ್ಟು, ಕಾವಲಿಯ ಮುಂದೆ ಬೆವರಿದವನದ್ದೆಷ್ಟು, ಗಲ್ಲೆಯಲ್ಲಿ ಕೂತವರದ್ದೆಷ್ಟು? ಭಾನುವಾರ ಬೆಳಿಗ್ಗೆ ತಟ್ಟೆ ತೊಳೆಯುವವನು ಅರ್ಧ ಗಂಟೆ ಎದ್ದುಹೋದರೆ ಇಡೀ ಹೋಟೆಲು ನಿಲ್ಲುತ್ತದೆ. ಆದರೂ ಅವನ ಸಂಬಳವೇ ಎಲ್ಲಕ್ಕಿಂತ ಕಡಿಮೆ. ಅವನ ಕೆಲಸಕ್ಕೆ ಬೆಲೆಯಿಲ್ಲವೆಂದಲ್ಲ. ನಾಳೆಯೇ ಅವನ ಜಾಗಕ್ಕೆ ಇನ್ನೊಬ್ಬ ಸಿಗುತ್ತಾನೆ, ಅಷ್ಟೆ. ಮೌಲ್ಯ ಎಂದು ನಾವು ಕರೆಯುವುದು ಬಹಳ ಸಲ ಇದನ್ನೇ.

ಜಾಗದ ವಿಷಯವನ್ನೂ ಸೇರಿಸಬೇಕು. ಈಸ್ಟರ್ನ್ ಫ್ರೀವೇ 2013ರಲ್ಲಿ ಬಂತು. ಮೋನೋ ರೈಲು, ಸಾಂತಾಕ್ರೂಜ್–ಚೆಂಬೂರು ಲಿಂಕ್ ರಸ್ತೆ 2014ರಲ್ಲಿ. ರಸ್ತೆ ಸರಕಾರದ ದುಡ್ಡಿನದು, ಬೆಲೆ ಏರಿದ್ದು ಅಂಗಡಿ ಇದ್ದವರದು. ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಎಷ್ಟೋ ಮಂದಿ ಊರಿನಿಂದ ಬರಿಗೈಲಿ ಬಂದು, ಹಗಲು ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕೂತವರು. ಆ ಹೊತ್ತಿಗೆ ಅವರನ್ನು ಕೆಲಸದಿಂದ ಬಿಟ್ಟುಕೊಟ್ಟ ಧಣಿಗಳ ಲೆಕ್ಕ ಯಾವ ಖಾತೆಯಲ್ಲೂ ಇಲ್ಲ.

ಹೊಟ್ಟೆ, ಬಾಡಿಗೆ, ಮಕ್ಕಳ ಫೀಸು ಇಷ್ಟಕ್ಕೆ ಸಾಲುವ ಸಂಬಳ ಎಲ್ಲರಿಗೂ ಮೊದಲು ಸಿಗಲಿ. ಕೈಗುಣದ ಲೆಕ್ಕ ಅದರ ಮೇಲೆ ಶುರುವಾಗಲಿ ಎಂಬುದು ನನ್ನ ಅಭಿಪ್ರಾಯ. ಟಿಪ್ಸನ್ನು ಗಲ್ಲೆಯ ಬಳಿ ಒಂದು ಡಬ್ಬಿಗೆ ಹಾಕಿ, ರಾತ್ರಿ ಅಡುಗೆಮನೆಯವರನ್ನೂ ಸೇರಿಸಿ ಹಂಚುವ ಕ್ರಮ ಕೆಲವು ಕಡೆ ಇದೆ. ಚುರುಕಾಗಿ ಓಡಾಡಿ ನಗುನಗುತ್ತಾ ಬಡಿಸುವ ಸಪ್ಲಾಯರ್‌ಗೆ ಇದರಿಂದ ನಷ್ಟವೇ. ಅವನು ಗೊಣಗಿದರೆ ತಪ್ಪೆನ್ನಲಾರೆ. ಆದರೂ ಡಬ್ಬಿ ಇರುವ ಕಡೆ ನಾನು ಹತ್ತು ರೂಪಾಯಿ ಹೆಚ್ಚಿಗೆ ಹಾಕುತ್ತೇನೆ.